ಒಪ್ಪಂದಕ್ಕೆ ಸಿಗದ ಪಾತ್ರ: ವೃತ್ತಿಪರ ಸೈಕ್ಲಿಂಗ್‌ನ ವರ್ಗಾವಣೆ ಲೆಕ್ಕ

2025ರ ಸೆಪ್ಟೆಂಬರ್ 1 ಸ್ಪೇನಿನ ಮೂರು ವಾರಗಳ ಸೈಕಲ್ ಸ್ಪರ್ಧೆಯಾದ ವುಯೆಲ್ಟಾ ಎ ಎಸ್ಪಾನಾದ ಮೊದಲ ವಿಶ್ರಾಂತಿ ದಿನವಾಗಿತ್ತು. ಸವಾರರು ಹೋಟೆಲುಗಳಲ್ಲಿ ಕಾಲು ಚಾಚಿಕೊಂಡಿದ್ದ ಆ ದಿನ, ಯುಎಇ ಟೀಮ್ ಎಮಿರೇಟ್ಸ್ ತಂಡವು ತನ್ನ ಸ್ಪ್ಯಾನಿಷ್ ಸವಾರ ಹುವಾನ್ ಅಯೂಸೊ ಜೊತೆಗಿನ ಒಪ್ಪಂದವನ್ನು ವರ್ಷದ ಕೊನೆಗೇ ಮುಗಿಸುವುದಾಗಿ ಪ್ರಕಟಿಸಿತು. ಆ ಒಪ್ಪಂದ 2028ರವರೆಗೆ ನಡೆಯಬೇಕಿತ್ತು. ಸ್ಪರ್ಧೆ ಮುಗಿಯಲು ಇನ್ನೂ ಎರಡು ವಾರ ಬಾಕಿಯಿತ್ತು. ಅಯೂಸೊ ಮರುದಿನವೂ ಅದೇ ಜೆರ್ಸಿ ತೊಟ್ಟು, ಅದೇ ಬಸ್ಸಿನಿಂದ ಇಳಿದು, ಅದೇ ತಂಡದ ನಾಯಕ ಜೊವಾವ್ ಅಲ್ಮೇಡಾ ಅವರ ಜೊತೆ ಸೈಕಲ್ ಏರಬೇಕಿತ್ತು. ಕೆಲವೇ ದಿನಗಳಲ್ಲಿ ಅವರು ಆ ವುಯೆಲ್ಟಾದ ತಮ್ಮ ಎರಡನೇ ಹಂತವನ್ನೂ, ಅಂದರೆ ಒಂದು ದಿನದ ಓಟವನ್ನೂ, ಗೆದ್ದರು. ಅಲ್ಮೇಡಾ ಮಾತ್ರ ಸ್ಪರ್ಧೆ ಮುಗಿಯುವಾಗ ವಿಸ್ಮಾ ತಂಡದ ಯೋನಾಸ್ ವಿಂಗೆಗೋರ್ ಅವರಿಗಿಂತ 1 ನಿಮಿಷ 16 ಸೆಕೆಂಡು ಹಿಂದಿದ್ದು ಎರಡನೆಯವರಾದರು. ಅಯೂಸೊ 2026ಕ್ಕೆ ಲಿಡ್ಲ್-ಟ್ರೆಕ್ ಸೇರಿದರು.

ಈ ಪ್ರಕರಣವನ್ನು ಮುಂಗೋಪದ ಯುವಕನೊಬ್ಬನಿಗೂ ಹಣವಂತ ತಂಡಕ್ಕೂ ನಡೆದ ಜಗಳವೆಂದು ಓದಿ ಮುಗಿಸುವುದು ಸುಲಭ. ಆದರೆ ಇತ್ತೀಚಿನ ವರ್ಷಗಳ ದೊಡ್ಡ ವರ್ಗಾವಣೆಗಳನ್ನು ಸಾಲಾಗಿ ನೋಡಿದರೆ ಹೆಚ್ಚಿನವುಗಳ ಬೇರು ಒಂದೇ ಕಡೆ ಇಳಿದಿರುವುದು ಕಾಣುತ್ತದೆ. ಸಂಬಳ ಎಷ್ಟು, ವರ್ಷ ಎಷ್ಟು ಎಂಬುದನ್ನು ಒಪ್ಪಂದ ಖಚಿತವಾಗಿ ಹೇಳುತ್ತದೆ. ಯಾರು ಯಾರಿಗಾಗಿ ಪೆಡಲ್ ತುಳಿಯಬೇಕು ಎಂಬುದನ್ನು ಕಾಗದದ ಮೇಲೆ ಹೇಗೇ ಬರೆದುಕೊಂಡರೂ ಅದು ಇತ್ಯರ್ಥವಾಗುವುದು ರಸ್ತೆಯ ಮೇಲೆ, ಅದೂ ಯಾರ ಕಾಲಿನಲ್ಲಿ ಅಂದು ಕಸುವಿದೆ ಎಂಬುದರ ಮೇಲೆ. ಈ ಎರಡರ ನಡುವಿನ ಬಿರುಕೇ ಇಂದು ಸೈಕ್ಲಿಂಗ್‌ನ ವರ್ಗಾವಣೆ ಮಾರುಕಟ್ಟೆಯನ್ನು ನಡೆಸುತ್ತಿದೆ.

ಮೊದಲು ಮಾರುಕಟ್ಟೆಯ ನಿಯಮಗಳನ್ನು ನೋಡೋಣ. ಸವಾರರ ಒಪ್ಪಂದಗಳು ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತವೆ. ಮುಂದಿನ ಋತುವಿನ ವರ್ಗಾವಣೆಗಳನ್ನು ಆಗಸ್ಟ್ 1ರ ನಂತರವೇ ಅಧಿಕೃತವಾಗಿ ಪ್ರಕಟಿಸುವುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಅಡಿಯಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಟೂರ್ ದಿ ಫ್ರಾನ್ಸ್ ನಡೆಯುವ ಜುಲೈ ತಿಂಗಳಲ್ಲೇ ಏಜೆಂಟರು ಮಾತುಕತೆ ಮುಗಿಸಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಫುಟ್‌ಬಾಲಿನಲ್ಲಿ ಆಟಗಾರನನ್ನು ಬಿಟ್ಟುಕೊಡುವ ಕ್ಲಬ್‌ಗೆ ವರ್ಗಾವಣೆ ಶುಲ್ಕ ಸಿಗುತ್ತದೆ. ಸೈಕ್ಲಿಂಗ್‌ನಲ್ಲಿ ಅಂಥ ಶುಲ್ಕದ ಸಂಪ್ರದಾಯ ಬೆಳೆಯಲೇ ಇಲ್ಲ. ಸವಾರನೊಬ್ಬನನ್ನು ಎಳವೆಯಲ್ಲಿ ಗುರುತಿಸಿ, ನಾಲ್ಕು ವರ್ಷ ತಿದ್ದಿ ತೀಡಿ ಬೆಳೆಸಿದ ತಂಡವು ಒಪ್ಪಂದ ಮುಗಿದ ದಿನ ಬರಿಗೈಯಲ್ಲಿ ನಿಲ್ಲುತ್ತದೆ. ಹೀಗಾಗಿ ತಂಡಗಳು ಪ್ರತಿಭಾವಂತರನ್ನು ಐದು ಆರು ವರ್ಷದ ದೀರ್ಘ ಒಪ್ಪಂದಗಳಲ್ಲಿ ಕಟ್ಟಿಹಾಕತೊಡಗಿದವು. ಟೂರ್ ವಿಜೇತ ತಾದೇ ಪೊಗಾಚರ್ ಯುಎಇ ಜೊತೆ 2030ರವರೆಗೆ ಸಹಿ ಹಾಕಿದ್ದಾರೆ. ಆದರೆ ಕಟ್ಟು ಉದ್ದವಾದಷ್ಟೂ ಅದನ್ನು ನಡುವೆ ಕಡಿಯುವ ಸಂದರ್ಭಗಳೂ ಹೆಚ್ಚಿದವು. ಟಾಮ್ ಪಿಡ್‌ಕಾಕ್ 2027ರವರೆಗಿನ ಒಪ್ಪಂದವಿದ್ದೂ 2024ರ ಡಿಸೆಂಬರಿನಲ್ಲಿ ಇನಿಯೋಸ್ ಬಿಟ್ಟು, ಒಂದು ಮೆಟ್ಟಿಲು ಕೆಳಗಿನ ಕ್ಯೂ36.5 ತಂಡ ಸೇರಿದರು. ಮರುವರ್ಷದ ವುಯೆಲ್ಟಾದಲ್ಲಿ ಮೂರನೆಯ ಸ್ಥಾನ ಪಡೆದು, ದೊಡ್ಡ ತಂಡದ ಹಲವು ನಾಯಕರಲ್ಲಿ ಒಬ್ಬನಾಗಿರುವುದಕ್ಕಿಂತ ಚಿಕ್ಕ ತಂಡದ ಒಬ್ಬನೇ ನಾಯಕನಾಗಿರುವುದು ಲೇಸೆಂದು ತೋರಿಸಿದರು. ಸಿಯಾನ್ ಆಯ್ಟ್‌ಡೆಬ್ರೂಕ್ಸ್ 2023ರ ಕೊನೆಯಲ್ಲಿ ಬೋರಾ-ಹಾನ್ಸ್‌ಗ್ರೋಹೆಯಿಂದ ವಿಸ್ಮಾಕ್ಕೆ ಹೋದಾಗಲಂತೂ, ಒಪ್ಪಂದ ಇನ್ನೂ ಜೀವಂತವಿದೆ ಎಂದು ಒಂದು ತಂಡ, ಮುಗಿದಿದೆ ಎಂದು ಇನ್ನೊಂದು ಕಡೆ ವಾದಿಸಿ ವಿಷಯ ವಕೀಲರವರೆಗೆ ಹೋಗಿತ್ತು. ವರ್ಗಾವಣೆ ಶುಲ್ಕ ಬೇಡವೆಂದ ಕ್ರೀಡೆಯಲ್ಲಿ ಒಪ್ಪಂದ ಮುರಿಯುವ ಪರಿಹಾರವೇ ಹಿಂಬಾಗಿಲಿನ ಶುಲ್ಕವಾಗಿದೆ.

ತಂಡಗಳ ಹಿಡಿತ ಇಷ್ಟು ಸಡಿಲವಾಗಿರುವುದಕ್ಕೆ ಹಣದ ಮೂಲವೂ ಕಾರಣ. ಸೈಕ್ಲಿಂಗ್ ತಂಡಕ್ಕೆ ಕ್ರೀಡಾಂಗಣವಿಲ್ಲ, ಟಿಕೆಟ್ ಮಾರಾಟವಿಲ್ಲ. ಟಿವಿ ಹಕ್ಕಿನ ಹಣ ಸ್ಪರ್ಧೆ ನಡೆಸುವವರ ಪಾಲು. ತಂಡದ ಹೆಸರೇ ಪ್ರಾಯೋಜಕನ ಹೆಸರು. ಪ್ರಾಯೋಜಕ ಹೊರನಡೆದರೆ ತಂಡವೂ ಹೋದಂತೆಯೇ. ಕೆವಿನ್ ವೊಕ್ಲಾನ್ 2025ರ ಟೂರ್‌ನಲ್ಲಿ ಏಳನೆಯವರಾಗಿ ಮುಗಿಸಿದರು, ಅದೇ ವರ್ಷದ ಕೊನೆಗೆ ಅವರ ತಂಡ ಅರ್ಕೇಯಾ-ಬಿ ಅಂಡ್ ಬಿ ಹೋಟೆಲ್ಸ್ ಬಾಗಿಲು ಮುಚ್ಚಿತು, ಅವರು ಇನಿಯೋಸ್ ಸೇರಿದರು. ಲೊಟ್ಟೊ ಮತ್ತು ಇಂಟರ್‌ಮಾರ್ಶೆ ಎಂಬ ಎರಡು ಬೆಲ್ಜಿಯನ್ ತಂಡಗಳು 2026ಕ್ಕೆ ಒಂದಾದವು. ಹೀಗೆ ಒಂದಾದಾಗ ನಾಯಕರಿಗೆ ಹೇಗೂ ಜಾಗ ಸಿಗುತ್ತದೆ. ಡಿಸೆಂಬರಿನವರೆಗೂ ಫೋನ್ ಹಿಡಿದು ಕೂರುವವರು ಹೆಚ್ಚಾಗಿ ಸಹಾಯಕ ಸವಾರರೇ.

ಈ ಸಹಾಯಕರ ಕೆಲಸವೇನೆಂದು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದ ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಸಾಗುವವನಿಗೆ ಆ ಶ್ರಮದಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಉಳಿತಾಯವಾಗುತ್ತದೆ. ಆದ್ದರಿಂದ ಒಬ್ಬನನ್ನು ಗೆಲ್ಲಿಸಲು ಉಳಿದವರು ಗಾಳಿಗೆ ಎದೆಯೊಡ್ಡುತ್ತಾರೆ. 2018ರಿಂದ ಗಿರೊ, ಟೂರ್, ವುಯೆಲ್ಟಾ ಎಂಬ ಮೂರು ವಾರದ ಮಹಾಸ್ಪರ್ಧೆಗಳಲ್ಲಿ ತಂಡಕ್ಕೆ ಒಂಬತ್ತರ ಬದಲು ಎಂಟೇ ಸವಾರರು. ಈ ಎಂಟು ಜನರಲ್ಲಿ ಸಮತಟ್ಟು ರಸ್ತೆಯಲ್ಲಿ ಇಡೀ ಗುಂಪನ್ನು ಗಂಟೆಗಟ್ಟಲೆ ಎಳೆಯುವವರು ಇಬ್ಬರಾದರೂ ಬೇಕು, ಬೆಟ್ಟದ ಏರಿನ ಕೊನೆಯವರೆಗೆ ನಾಯಕನ ಜೊತೆ ಉಳಿಯುವವರು ಇಬ್ಬರು ಮೂವರು ಬೇಕು, ಕಾರಿನಿಂದ ಬರುವ ರೇಡಿಯೊ ಸೂಚನೆಗೂ ರಸ್ತೆಯ ವಾಸ್ತವಕ್ಕೂ ತಾಳೆ ಹಾಕಿ ಸ್ಥಳದಲ್ಲೇ ತೀರ್ಮಾನಿಸುವ ಅನುಭವಿ ಒಬ್ಬ ಬೇಕು. ನೀರಿನ ಬಾಟಲಿ ತರುವುದರಿಂದ ಹಿಡಿದು ಪಂಕ್ಚರ್ ಆದಾಗ ತನ್ನ ಚಕ್ರ ಬಿಚ್ಚಿಕೊಡುವವರೆಗೆ ಎಲ್ಲವೂ ಇವರ ಪಾಲಿಗೆ. 1934ರ ಟೂರ್‌ನಲ್ಲಿ ಇಪ್ಪತ್ತರ ಹರೆಯದ ರೆನೆ ವಿಯೆಟ್ಟೊ ತನ್ನ ಚಕ್ರವನ್ನು ನಾಯಕ ಆಂತೊನಿನ್ ಮ್ಯಾಗ್ನೆಗೆ ಕೊಟ್ಟು ರಸ್ತೆ ಬದಿ ಕಾದು ಕುಳಿತದ್ದು ಇಂದಿಗೂ ಫ್ರಾನ್ಸಿನಲ್ಲಿ ನೆನಪಿನಲ್ಲಿದೆ. ಮ್ಯಾಗ್ನೆ ಗೆದ್ದರು, ವಿಯೆಟ್ಟೊ ಐದನೆಯವರಾದರು. ಅವರು ಟೂರ್ ಗೆಲ್ಲುವ ದಿನ ಕೊನೆಗೂ ಬರಲಿಲ್ಲ.

ಸಹಾಯದ ಬೆಲೆ ಎಷ್ಟೆಂಬುದನ್ನು ಇತ್ತೀಚೆಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು 2025ರ ಗಿರೊ ಡಿ'ಇಟಾಲಿಯಾದ ಇಪ್ಪತ್ತನೇ ಹಂತ. ಅಂದು ಬೆಳಿಗ್ಗೆ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಗುಲಾಬಿ ಜೆರ್ಸಿ ಯುಎಇಯ ಮೆಕ್ಸಿಕನ್ ಯುವಕ ಇಸಾಕ್ ಡೆಲ್ ಟೋರೊ ಬಳಿ ಇತ್ತು. ರಿಚರ್ಡ್ ಕರಪಾಜ್ 43 ಸೆಕೆಂಡು ಹಿಂದೆ, ವಿಸ್ಮಾದ ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡು ಹಿಂದೆ. ಮುಂದಿದ್ದದ್ದು ಕೊಲ್ಲೆ ಡೆಲ್ಲೆ ಫಿನೆಸ್ಟ್ರೆ, ಹದಿನೆಂಟು ಕಿಲೋಮೀಟರಿಗೂ ಉದ್ದದ ಏರು, ಮೇಲಿನ ಎಂಟು ಕಿಲೋಮೀಟರ್ ಬರೀ ಜಲ್ಲಿಯ ದಾರಿ. ಇದೇ ದಾರಿಯ ದಿನವೇ 2018ರಲ್ಲಿ ಯೇಟ್ಸ್ ಗುಲಾಬಿ ಜೆರ್ಸಿಯನ್ನು ಕಳೆದುಕೊಂಡು ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದರು. ವಿಸ್ಮಾ ತಂಡ ಈ ಬಾರಿ ಆರಂಭದಲ್ಲೇ ಎಲ್ಲರಿಗಿಂತ ಮುಂದೆ ಕಿತ್ತುಕೊಂಡು ಹೋದ ಗುಂಪಿನಲ್ಲಿ ವೌಟ್ ವಾನ್ ಆರ್ಟ್ ಅವರನ್ನು ಮುಂದೆ ಕಳಿಸಿತ್ತು. ಯೇಟ್ಸ್ ಏರಿನಲ್ಲಿ ಒಂಟಿಯಾಗಿ ಕಿತ್ತುಕೊಂಡು ಹೋದರು. ಶಿಖರ ದಾಟಿ ಇಳಿದ ಮೇಲೆ, ಸೆಸ್ಟ್ರಿಯೆರೆಗೆ ಹೋಗುವ ಕಣಿವೆಯ ರಸ್ತೆಯಲ್ಲಿ, ಒಂಟಿ ಸವಾರ ಗಾಳಿಗೆ ಸಿಕ್ಕಿ ಸೋಲುವ ಜಾಗದಲ್ಲೇ, ವಾನ್ ಆರ್ಟ್ ಯೇಟ್ಸ್‌ಗಾಗಿ ಕಾದಿದ್ದರು. ಹಿಂದೆ ಡೆಲ್ ಟೋರೊ ಮತ್ತು ಕರಪಾಜ್ ನೀನು ಎಳೆ, ನಾನೇಕೆ ಎಳೆಯಲಿ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರೆ, ಮುಂದೆ ವಾನ್ ಆರ್ಟ್ ತಮ್ಮ ಬೆನ್ನ ಹಿಂದೆ ಯೇಟ್ಸ್ ಅವರನ್ನು ಹೊತ್ತುಕೊಂಡಂತೆ ಎಳೆದೊಯ್ದರು. ಗಿರೊ ಕೊನೆಗೆ 3 ನಿಮಿಷ 56 ಸೆಕೆಂಡಿನ ಅಂತರದಲ್ಲಿ ಯೇಟ್ಸ್ ಪಾಲಾಯಿತು.

ಈ ಗೆಲುವಿನ ಹಿಂದೆ ಒಂದು ವರ್ಗಾವಣೆಯಿದೆ. ಯೇಟ್ಸ್ ಆ ಚಳಿಗಾಲದಲ್ಲಷ್ಟೇ ಜೇಕೊ ಅಲ್‌ಉಲಾ ತಂಡದಿಂದ ವಿಸ್ಮಾಕ್ಕೆ ಬಂದಿದ್ದರು. ಹಳೆಯ ತಂಡದಲ್ಲಿ ಅವರೇ ನಾಯಕರು. ಇಲ್ಲಿ ಜುಲೈನ ಟೂರ್‌ನಲ್ಲಿ ವಿಂಗೆಗೋರ್‌ಗಾಗಿ ದುಡಿಯಬೇಕು, ಅದಕ್ಕೆ ಪ್ರತಿಯಾಗಿ ಮೇ ತಿಂಗಳ ಗಿರೊದಲ್ಲಿ ಬಲವಾದ ತಂಡದ ಬೆಂಬಲ. ದುಡಿಮೆಯ ಈ ಕೊಡುಕೊಳ್ಳುವಿಕೆ ಎರಡೂ ಕಡೆಯವರಿಗೆ ಒದಗಿತು. ವರ್ಗಾವಣೆಯೆಂದರೆ ಹೆಚ್ಚು ಸಂಬಳ ಕೊಡುವ ಕಡೆಗೆ ಹಾರುವುದು ಎಂದುಕೊಂಡವರು ಗಮನಿಸಬೇಕಾದದ್ದು ಇದನ್ನು: ಸವಾರ ಕೊಳ್ಳುತ್ತಿರುವುದು ಜೊತೆಗಾರರನ್ನು, ತಂಡ ಕೊಳ್ಳುತ್ತಿರುವುದು ಅವನ ಬಿಡುವಿನ ತಿಂಗಳುಗಳನ್ನು.

ಜೊತೆಗಾರರನ್ನೇ ಕಟ್ಟಿಕೊಂಡು ಬರುವ ವರ್ಗಾವಣೆಗಳೂ ಇವೆ. ಕೊನೆಯ ಕ್ಷಣದ ಮಿಂಚಿನ ಓಟದಲ್ಲಿ ಗೆಲ್ಲುವ ಸ್ಪ್ರಿಂಟರುಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಕೊನೆಯ ಕಿಲೋಮೀಟರಿನಲ್ಲಿ ಸ್ಪ್ರಿಂಟರನ್ನು ಸರಿಯಾದ ಕ್ಷಣದಲ್ಲಿ, ಸರಿಯಾದ ಬದಿಯಲ್ಲಿ ಬಿಡುವ ಲೀಡ್‌ಔಟ್ ಸವಾರನ ಕೆಲಸ ಒಂದು ಬಗೆಯ ಕುಶಲಕಲೆ. ಇಬ್ಬರ ನಡುವೆ ವರ್ಷಗಟ್ಟಲೆಯ ಪಳಗಿಕೆ ಬೇಕು. ಮಾರ್ಕ್ ಕ್ಯಾವೆಂಡಿಶ್ 2021ರಲ್ಲಿ ಟೂರ್‌ನ ನಾಲ್ಕು ಹಂತ ಗೆದ್ದಾಗ ಮುಂದಿದ್ದವರು ಮೈಕೆಲ್ ಮೋರ್ಕೊವ್. 34 ಹಂತಗಳ ಎಡ್ಡಿ ಮರ್ಕ್ಸ್ ದಾಖಲೆಯನ್ನು ದಾಟಲು ಒಂದೇ ಗೆಲುವು ಬಾಕಿಯಿದ್ದಾಗ ಅವರ ಆಗಿನ ಅಸ್ತಾನಾ ತಂಡ 2024ಕ್ಕೆ ಮೋರ್ಕೊವ್ ಅವರನ್ನೂ ಕರೆಸಿಕೊಂಡಿತು. ಆ ಜುಲೈ 3ರಂದು ಸ್ಯಾಂ-ವುಲ್ಬಾದಲ್ಲಿ 35ನೆಯ ಗೆಲುವು ದಕ್ಕಿತು. ರೆಮ್ಕೊ ಎವೆನ್‌ಪೂಲ್ ಒಪ್ಪಂದ ಮುಗಿಯುವ ಒಂದು ವರ್ಷ ಮೊದಲೇ ಸೌದಾಲ್ ಕ್ವಿಕ್-ಸ್ಟೆಪ್ ಬಿಟ್ಟು 2026ಕ್ಕೆ ರೆಡ್ ಬುಲ್-ಬೋರಾ-ಹಾನ್ಸ್‌ಗ್ರೋಹೆ ಸೇರಿದಾಗ, ಅವರ ನಿಷ್ಠಾವಂತ ಸಹಾಯಕ ಮಟ್ಟಿಯಾ ಕಟ್ಟಾನೆಯೊ ಕೂಡ ಅದೇ ತಂಡಕ್ಕೆ ಬಂದರು.

ಇಲ್ಲಿಯವರೆಗೆ ಎಲ್ಲ ಸರಿ. ತೊಡಕು ಶುರುವಾಗುವುದು ನಾಯಕನಾಗಬಲ್ಲವರನ್ನೇ ಸಹಾಯಕರನ್ನಾಗಿ ಕೊಂಡು ಗುಡ್ಡೆ ಹಾಕುವ ತಂಡಗಳಿಂದ. ಯುಎಇ 2025ರಲ್ಲಿ 90ಕ್ಕೂ ಹೆಚ್ಚು ಸ್ಪರ್ಧೆಗಳನ್ನು ಗೆದ್ದು, 2009ರ ಎಚ್‌ಟಿಸಿ-ಕೊಲಂಬಿಯಾ ತಂಡದ 85ರ ದಾಖಲೆಯನ್ನು ಹಿಂದೆ ಹಾಕಿತು. ಆದರೆ ಅದೇ ತಂಡದಲ್ಲಿ ಪೊಗಾಚರ್ ಇರುವವರೆಗೆ ಟೂರ್‌ನ ನಾಯಕತ್ವ ಬೇರೆಯವರಿಗೆ ದಕ್ಕುವ ಮಾತೇ ಇಲ್ಲ. 2024ರ ಟೂರ್‌ನ ನಾಲ್ಕನೇ ಹಂತದಲ್ಲಿ ಗಲಿಬಿಯೆ ಏರುವಾಗ, ಹಿಂದೆಯೇ ಉಳಿದಿದ್ದ ಅಯೂಸೊಗೆ ಮುಂದೆ ಬಂದು ಎಳೆಯುವಂತೆ ಅಲ್ಮೇಡಾ ಕೈಬೀಸಿ ಕರೆದದ್ದನ್ನು ಟಿವಿಯಲ್ಲಿ ನೋಡಿದವರಿಗೆ ಮುಂದಿನ ವರ್ಷದ ಬಿಡುಗಡೆ ಆಶ್ಚರ್ಯ ತಂದಿರಲಿಕ್ಕಿಲ್ಲ. ಅಲ್ಮೇಡಾ ಸ್ವತಃ ಆ ಟೂರ್‌ನಲ್ಲಿ ನಾಲ್ಕನೆಯವರಾಗಿ ಬಂದರು, ಬೇರೆಯವರಿಗಾಗಿ ದುಡಿಯುತ್ತಲೇ. ಬೇರೆ ತಂಡದಲ್ಲಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅವರ ಏಜೆಂಟಿಗೂ ಬಂದಿರಬೇಕು.

2023ರ ವುಯೆಲ್ಟಾ ಇದೇ ಕಥೆಯ ಇನ್ನೊಂದು ಮುಖ. ಆ ವರ್ಷ ಗಿರೊದಲ್ಲಿ ಪ್ರಿಮೋಜ್ ರೋಗ್ಲಿಚ್‌ಗಾಗಿಯೂ ಟೂರ್‌ನಲ್ಲಿ ವಿಂಗೆಗೋರ್‌ಗಾಗಿಯೂ ದುಡಿದ, ವಿಸ್ಮಾ ತಂಡದ ಅಮೆರಿಕನ್ ಸವಾರ ಸೆಪ್ ಕಸ್, ಮೂರನೆಯ ಮಹಾಸ್ಪರ್ಧೆಯಲ್ಲಿ ತಾವೇ ಮುನ್ನಡೆಯಲ್ಲಿದ್ದರು. ಆಂಗ್ಲಿರು ಬೆಟ್ಟದ ಮೇಲೆ ಅವರ ಇಬ್ಬರು ನಾಯಕರೂ ಅವರನ್ನು ಬಿಟ್ಟು ಮುಂದೆ ಹೋದರು. ಮುನ್ನಡೆ 8 ಸೆಕೆಂಡಿಗೆ ಇಳಿಯಿತು. ಆ ಹೊತ್ತಿನಲ್ಲಿ ಕಸ್ ಜೊತೆ ಉಳಿದು ಎಳೆದವರು ಎದುರಾಳಿ ತಂಡದ ಮಿಕೆಲ್ ಲಾಂಡಾ! ಎಲ್ಲೆಡೆಯಿಂದ ಟೀಕೆ ಎದ್ದ ಮೇಲೆ ತಂಡ ಕಸ್ ಬೆನ್ನಿಗೆ ನಿಂತಿತು. ಕಸ್, ವಿಂಗೆಗೋರ್, ರೋಗ್ಲಿಚ್ ಮೊದಲ ಮೂರು ಸ್ಥಾನ ಪಡೆದರು, ಮೂರೂ ಮಹಾಸ್ಪರ್ಧೆಗಳು ಒಂದೇ ತಂಡದ ಪಾಲಾದವು. ಮುಂದಿನ ತಿಂಗಳೇ ರೋಗ್ಲಿಚ್ ಬೋರಾ (ಈಗಿನ ರೆಡ್ ಬುಲ್ ತಂಡ) ಸೇರುವುದು ಪ್ರಕಟವಾಯಿತು. ಎಲ್ಲವನ್ನೂ ಗೆದ್ದ ತಂಡ ತನ್ನ ನಾಯಕರಲ್ಲೊಬ್ಬನನ್ನು ಉಳಿಸಿಕೊಳ್ಳಲಾರದೆ ಹೋಯಿತು.

ಮಹಿಳಾ ಸೈಕ್ಲಿಂಗ್‌ನಲ್ಲಿ ಇದೇ ಬಿರುಕು ನಾಲ್ಕೇ ಸೆಕೆಂಡುಗಳಲ್ಲಿ ಅಳೆಯಲ್ಪಟ್ಟಿತು. 2024ರ ಟೂರ್ ದಿ ಫ್ರಾನ್ಸ್ ಫೆಮ್ಮೆಸ್‌ನ ಐದನೇ ಹಂತ ಆಮ್ನೆವಿಲ್‌ಗೆ ಬರುವಾಗ, ಮುನ್ನಡೆಯ ಹಳದಿ ಜೆರ್ಸಿಯಲ್ಲಿದ್ದ ಡೆಮಿ ವೊಲ್ಲೆರಿಂಗ್ ಕೊನೆಯ ಕಿಲೋಮೀಟರುಗಳಲ್ಲಿ ಬಿದ್ದರು. ಅವರ ಎಸ್‌ಡಿ ವರ್ಕ್ಸ್ ತಂಡದ ಬ್ಲಾಂಕಾ ವಾಸ್ ಮುಂದಿನ ಗುಂಪಿನಲ್ಲಿದ್ದು ಆ ಹಂತವನ್ನು ಗೆದ್ದರು; ನಾಯಕಿ ಮಾತ್ರ ಒಂದೂವರೆ ನಿಮಿಷಕ್ಕೂ ಹೆಚ್ಚು ತಡವಾಗಿ ಬಂದರು. ಆಲ್ಪ್ ಡ್ಯುಯೆಜ್ ಮೇಲಿನ ಕೊನೆಯ ಹಂತ ಗೆದ್ದರೂ ವೊಲ್ಲೆರಿಂಗ್ ಒಟ್ಟಾರೆ ಸ್ಪರ್ಧೆಯನ್ನು ಕಾಸಿಯಾ ನಿಯೆವಿಯಾಡೋಮಾ ಎದುರು 4 ಸೆಕೆಂಡುಗಳಿಂದ ಸೋತರು. ಅವರು ಋತುವಿನ ಕೊನೆಗೆ ತಂಡ ಬಿಡುತ್ತಾರೆಂಬುದು ಆಗಲೇ ಗುಟ್ಟಾಗಿ ಉಳಿದಿರಲಿಲ್ಲ. ತಂಡದವರು ಬೇಕೆಂದೇ ಕಾಯಲಿಲ್ಲ ಎಂದು ಹೇಳಲು ನನಗೆ ಆಧಾರ ಕಾಣುವುದಿಲ್ಲ; ಬಿದ್ದ ಗಡಿಬಿಡಿಯಲ್ಲಿ ಸುದ್ದಿ ಮುಂದಿನವರಿಗೆ ತಲುಪದಿರುವುದು ಈ ಕ್ರೀಡೆಯಲ್ಲಿ ಸಹಜ. ಆದರೆ ತನ್ನ ನಾಯಕಿ ಮುಂದಿನ ವರ್ಷವೂ ತನ್ನವಳೇ ಎಂಬ ಖಾತ್ರಿಯಿರುವ ತಂಡ ಅಂಥ ಗಳಿಗೆಯಲ್ಲಿ ಹಿಂದಿರುಗಿ ನೋಡುವುದು ಬೇಗ. 2025ಕ್ಕೆ ವೊಲ್ಲೆರಿಂಗ್ ಎಫ್‌ಡಿಜೆ-ಸುಯೆಜ್ ಸೇರಿದರು. ಮಹಿಳೆಯರ ಉನ್ನತ ದರ್ಜೆಯ ತಂಡಗಳಲ್ಲಿ 2020ರಲ್ಲಿ ಮೊದಲ ಬಾರಿಗೆ ನಿಗದಿಯಾದ 15,000 ಯೂರೊ ಕನಿಷ್ಠ ಸಂಬಳ 2023ರ ಹೊತ್ತಿಗೆ ಎರಡು ಪಟ್ಟು ದಾಟಿತ್ತು. ಪುರುಷರ ಮಾರುಕಟ್ಟೆಯ ಕಲಹಗಳೂ ಆ ಹಣದ ಜೊತೆಗೇ ಬಂದಿವೆ.

ಇನ್ನು ಅಂಕಗಳ ಮಾತು. ಪುರುಷರ ಉನ್ನತ ದರ್ಜೆಯಲ್ಲಿ 18 ಪರವಾನಗಿಗಳು. ಮೂರು ವರ್ಷಗಳ ಒಟ್ಟು ಅಂಕಗಳ ಮೇಲೆ ಯಾರು ಉಳಿಯಬೇಕು, ಯಾರು ಇಳಿಯಬೇಕು ಎಂಬುದು ನಿರ್ಧಾರವಾಗುತ್ತದೆ. 2020-22ರ ಸುತ್ತಿನ ನಂತರ ಲೊಟ್ಟೊ ಮತ್ತು ಇಸ್ರೇಲ್-ಪ್ರೀಮಿಯರ್ ಟೆಕ್ ಕೆಳಗಿಳಿದವು. 2023-25ರ ನಂತರ ಕೊಫಿಡಿಸ್. ಅಂಕಪಟ್ಟಿಯ ಲೆಕ್ಕ ನೋಡಿ: ಟೂರ್‌ನ ಒಂದು ಹಂತ ಗೆದ್ದರೆ 210 ಅಂಕ, ಕೆಳ ದರ್ಜೆಯ ಒಂದು ದಿನದ ಸ್ಪರ್ಧೆಯೊಂದನ್ನು ಗೆದ್ದರೆ 125. ಜಗತ್ತೇ ನೋಡುವ ಗೆಲುವಿಗಿಂತ ಯಾರೂ ನೋಡದ ಎರಡು ಗೆಲುವುಗಳ ತೂಕ ಹೆಚ್ಚು. ಅಸ್ತಾನಾ ತಂಡ ಇದನ್ನು ಚೆನ್ನಾಗಿ ಅರೆದು ಕುಡಿಯಿತು. 2024ರ ಕೊನೆಗೆ ಬಹಳ ಹಿಂದಿದ್ದ ಆ ತಂಡ, ದೊಡ್ಡ ಹೆಸರುಗಳನ್ನು ಬಿಟ್ಟು ಎಲ್ಲೆಡೆ ಮೊದಲ ಹತ್ತರಲ್ಲಿ ಬರಬಲ್ಲ ಸವಾರರನ್ನು ಗುಡಿಸಿ ತುಂಬಿಕೊಂಡು, ಒಂದೇ ವರ್ಷದಲ್ಲಿ ಸುರಕ್ಷಿತ ಸ್ಥಾನಕ್ಕೆ ಏರಿತು. ಹಿಂದಿನ ಸುತ್ತಿನಲ್ಲಿ ತಂಡದ ಮೊದಲ ಹತ್ತು ಸವಾರರ ಅಂಕ ಮಾತ್ರ ಲೆಕ್ಕಕ್ಕಿತ್ತು. 2023ರಿಂದ ಅದನ್ನು ಇಪ್ಪತ್ತಕ್ಕೆ ಏರಿಸಿದ್ದು ಒಳ್ಳೆಯ ಉದ್ದೇಶದಿಂದಲೇ. ಫಲ ಮಾತ್ರ ಬೇರೆಯಾಯಿತು. ಫಿನೆಸ್ಟ್ರೆಯ ಆಚೆ ಕಾದು ಎಳೆದ ಕೆಲಸಕ್ಕೆ ಈ ಪಟ್ಟಿಯಲ್ಲಿ ಸಿಗುವ ಅಂಕ ಸೊನ್ನೆ. ಹೀಗಾಗಿ ಕೆಳಗಿಳಿಯುವ ಭಯದಲ್ಲಿರುವ ತಂಡಕ್ಕೆ ಒಳ್ಳೆಯ ಸಹಾಯಕನಿಗಿಂತ ಒಂಟಿಯಾಗಿ ಎಂಟನೆಯ ಸ್ಥಾನ ಹಿಡಿಯುವವನೇ ಮೇಲು. ಒಳ್ಳೆಯ ಸಹಾಯಕನಿಗೆ ಬೆಲೆ ಕೊಡಬಲ್ಲವರು ಇಳಿಯುವ ಭಯವೇ ಇಲ್ಲದ ಮೂರು ನಾಲ್ಕು ಹಣವಂತ ತಂಡಗಳು ಮಾತ್ರ, ಮತ್ತು ಅವನು ಅಲ್ಲಿಗೇ ಹೋಗುತ್ತಾನೆ.

ಒಪ್ಪಂದ ಮುರಿಯುವುದನ್ನು ತಡೆಯಲು ಕಟ್ಟುನಿಟ್ಟು ನಿಯಮ ಬೇಕೆಂಬ ಕೂಗು ಈಗ ಜೋರಾಗಿದೆ. ನನ್ನ ಮಟ್ಟಿಗೆ ಅದು ಎರಡನೆಯ ಕೆಲಸ. ಬಾಗಿಲಿಗೆ ಬೀಗ ಹಾಕಿದರೆ ಅಯೂಸೊ ಅಂಥವರು 2028ರವರೆಗೆ ಒಳಗೇ ಉಳಿಯುತ್ತಿದ್ದರು. ಗಲಿಬಿಯೆಯ ಮೇಲೆ ಕೈಬೀಸುವ ದೃಶ್ಯಗಳು ಇನ್ನೂ ಮೂರು ವರ್ಷ ನಡೆಯುತ್ತಿದ್ದವು, ಅಷ್ಟೆ. ಸವಾರನನ್ನು ಬೆಳೆಸಿದ ಚಿಕ್ಕ ತಂಡಕ್ಕೆ ನಿಗದಿತ ಪರಿಹಾರ ಸಿಗುವಂತೆ ಮಾಡುವುದು, ತಂಡವೊಂದು ಸಂಬಳಕ್ಕೆ ಖರ್ಚು ಮಾಡುವ ಒಟ್ಟು ಮೊತ್ತಕ್ಕೆ ಮಿತಿ ಹಾಕುವುದು ಇವುಗಳಿಂದ ನಾಯಕರು ಒಂದೇ ಕಡೆ ಗುಡ್ಡೆಯಾಗುವುದು ಕಡಿಮೆಯಾದೀತು. ಸಂಬಳ ಮಿತಿಯ ಪ್ರಸ್ತಾಪ ಬಂದಾಗಲೆಲ್ಲ ಅದಕ್ಕೆ ಹೆಚ್ಚು ಅಡ್ಡಿಯಾಗುವವರು ಅದರಿಂದ ಕಳೆದುಕೊಳ್ಳುವವರೇ ಎಂಬುದರಲ್ಲಿ ಅಚ್ಚರಿಯಿಲ್ಲ.

ಸದ್ಯಕ್ಕೆ ಎಲ್ಲರ ಕಣ್ಣು ರೆಡ್ ಬುಲ್ ತಂಡದ ಮೇಲಿದೆ. 2024ರ ಟೂರ್‌ನಲ್ಲಿ ಮೂರನೆಯವರಾಗಿದ್ದ ಎವೆನ್‌ಪೂಲ್, 2025ರ ಟೂರ್‌ನಲ್ಲಿ ಮೂರನೆಯವರಾದ ಫ್ಲೋರಿಯಾನ್ ಲಿಪೊವಿಟ್ಸ್, ಗಿರೊ ಮತ್ತು ವುಯೆಲ್ಟಾ ಗೆದ್ದ ರೋಗ್ಲಿಚ್ ಮೂವರೂ 2026ಕ್ಕೆ ಒಂದೇ ಜೆರ್ಸಿಯಲ್ಲಿ. ರೋಗ್ಲಿಚ್ ಈ ತಂಡಕ್ಕೆ ಬಂದದ್ದೇ ನಾಯಕರ ನೂಕುನುಗ್ಗಲಿನಿಂದ ತಪ್ಪಿಸಿಕೊಳ್ಳಲು. ತಂಡ ಯಾರನ್ನು ಯಾವ ಸ್ಪರ್ಧೆಗೆ ಕಳಿಸುತ್ತದೆ ಎಂಬ ಪಟ್ಟಿಗಿಂತ ಹೆಚ್ಚು ಹೇಳುವುದು ಕಟ್ಟಾನೆಯೊ ಅಂಥವರ ಹೆಸರು ಯಾರ ಪಟ್ಟಿಯಲ್ಲಿದೆ ಎಂಬುದು. ಪತ್ರಿಕಾಗೋಷ್ಠಿಯಲ್ಲಿ ಎಲ್ಲರನ್ನೂ ಸಮಾನ ನಾಯಕರೆಂದು ಕರೆಯಬಹುದು. ಬೆಟ್ಟದ ಬುಡದಲ್ಲಿ ಒಬ್ಬರಿಗೆ ಪಂಕ್ಚರ್ ಆದಾಗ ನಿಲ್ಲುವ ಸಹಾಯಕರು ಎಷ್ಟು ಮಂದಿ ಎಂಬುದು ಮೊದಲೇ ನಿರ್ಧಾರವಾಗಿರುತ್ತದೆ.